ಮಂಡಕ್ಕಿ ಗಿಡ ಹರಿಹರಕ್ಕೆ ಹೋದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಸಿರು ಅಂತ ಇದ್ದದ್ದು ಒಂದೇ ಒಂದು ಗಿಡ. ಉಳಿದದ್ದೆಲ್ಲ ಕಪ್ಪು. ಗೋಡೆ ಕಪ್ಪು, ಜಂತಿ ಕಪ್ಪು, ಒಣಹಾಕಿದ ಬಿಳಿ ಅಂಗಿಯೂ ಸಂಜೆಯೊಳಗೆ ಬೂದಿ ಬಣ್ಣ. ಯಾಕೆಂದರೆ ನಮ್ಮದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿದ್ದ ಮನೆ. ಮುಂದೆ ಅಪ್ಪನ ಭಟ್ಟಿ, ಹಿಂದೆ ನಾವಿರುವ ಎರಡು ಕೋಣೆ. ಭತ್ತದ ಹೊಟ್ಟು ಉರಿದು ಏಳುವ ಹೊಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಓಣಿಯ ಮೇಲೆ ಮಲಗಿರುತ್ತಿತ್ತು. ಮೊನ್ನೆ ಊದಿನಕಡ್ಡಿಯ ಹೊಗೆಗೇ ಮೂಗು ಮುಚ್ಚಿಕೊಂಡು ಓಡಿದಿರಲ್ಲ, ಮಕ್ಕಳೇ, ನಿಮ್ಮನ್ನು ಅಲ್ಲಿ ಅರ್ಧ ಗಂಟೆ ನಿಲ್ಲಿಸಬೇಕಿತ್ತು.

ಮಂಡಕ್ಕಿ ಹೇಗೆ ಅರಳುತ್ತದೆ ಗೊತ್ತೇ? ಅಪ್ಪ ಅಕ್ಕಿಗೆ ಉಪ್ಪುನೀರು ಹಾಕಿ ಕಲಸಿ, ಸ್ವಲ್ಪ ಬೆಚ್ಚಗೆ ಮಾಡಿ, ಆಮೇಲೆ ದೊಡ್ಡ ಬಾಣಲೆಯಲ್ಲಿ ಕಾಯುತ್ತಿದ್ದ ಮರಳಿಗೆ ಸುರಿಯುತ್ತಿದ್ದ. ಎರಡು ಸಲ ಕೈಯಾಡಿಸುವಷ್ಟರಲ್ಲಿ ಚಟಚಟ ಅಂತ ಬಾಣಲೆ ತುಂಬ ಬಿಳಿ ಮಂಡಕ್ಕಿ. ಅದನ್ನು ಜರಡಿಗೆ ಹಾಕಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅದೇ ಮರಳು ಮತ್ತೆ ಬಾಣಲೆಗೆ. ಹೀಗೆ ತಿಂಗಳುಗಟ್ಟಲೆ ಬಳಸಿ ಕರ್ರಗಾದ ಮರಳನ್ನು ಕೊನೆಗೆ ಹಿತ್ತಲಿಗೆ ಸುರಿಯುತ್ತಿದ್ದರು. ಆ ರಾಶಿಯ ಸುತ್ತ ಒಂದು ಎಳೆ ಹುಲ್ಲೂ ಹುಟ್ಟುತ್ತಿರಲಿಲ್ಲ. ಅದನ್ನು ನಾನು ದಿನಾ ನೋಡುತ್ತಿದ್ದೆ, ಆದರೆ ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಗಿಡ ಅಕ್ಕನದು. ಮಂಡಕ್ಕಿ ಕೊಳ್ಳಲು ಬರುತ್ತಿದ್ದ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಹೆಂಗಸು, ವರ್ಗವಾಗಿ ಹೋಗುವಾಗ, ಅಕ್ಕನ ಕೈಗೆ ಗೇಣುದ್ದದ ಒಂದು ಕಾಂಡ ಕೊಟ್ಟು ಹೋಗಿದ್ದಳು. ಅಕ್ಕ ವನಸ್ಪತಿ ತುಪ್ಪದ ಒಂದು ಖಾಲಿ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು ಅದರಲ್ಲಿ ನೆಟ್ಟಳು. ಬಿಸಿಲು ಬೇಡದ ಗಿಡ. ಅಡಿಗೆಮನೆಯ ಕಿಟಕಿ ಕಟ್ಟೆಯ ಮೇಲೆ, ಒಳಗಡೆಯೇ, ಅಗಲವಾದ ಎಲೆ ಬಿಟ್ಟು ನಿಂತಿತು. ಎಲೆಯ ಮೇಲೆಲ್ಲ ಬಿಳಿ ಚುಕ್ಕೆ, ಯಾರೋ ಒಂದು ಮುಷ್ಟಿ ಮಂಡಕ್ಕಿ ಎರಚಿದ ಹಾಗೆ. ಅದಕ್ಕೆ ನಾವು ಅದನ್ನು ಮಂಡಕ್ಕಿ ಗಿಡ ಅನ್ನುತ್ತಿದ್ದೆವು. ಭಟ್ಟಿಯ ಮಸಿ ಕೂರುತ್ತದೆಂದು ಅಕ್ಕ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದಳು. ಒರೆಸಿದ ಮೇಲೆ ಅದೇ ಬಟ್ಟೆಯಿಂದ ನನ್ನ ಮುಖವನ್ನೂ ಒರೆಸುವುದು, ನಾನು ಕಿರುಚುವುದು, ಅವಳು ನಗುವುದು, ಇದು ದಿನದ ಕೆಲಸ.

ನನಗೆ ಅವ್ವನ ನೆನಪಿಲ್ಲ. ನಾನು ಎರಡು ವರ್ಷದವನಿದ್ದಾಗಲೇ ಅವಳು ತೀರಿಕೊಂಡಳು. ತಲೆ ಬಾಚಿದ್ದು, ಉಣ್ಣಿಸಿದ್ದು, ಜ್ವರ ಬಂದಾಗ ಎದ್ದು ಕೂತದ್ದು ಎಲ್ಲ ಅಕ್ಕನೇ. ನನಗೆ ಹತ್ತು ವರ್ಷವಾದಾಗ, ವೈಶಾಖದಲ್ಲಿ, ಅವಳನ್ನು ಹರಿಹರಕ್ಕೆ ಕೊಟ್ಟು ಮದುವೆ ಮಾಡಿದರು. ಹೊರಡುವ ದಿನ, ಹೊಸ ಸೀರೆಯಲ್ಲೇ ಅಡಿಗೆಮನೆಗೆ ಬಂದು, ಡಬ್ಬಿಯನ್ನು ಎತ್ತಿ ತಳ ತೋರಿಸಿದಳು. ತೂತಿನಿಂದ ಬಿಳಿ ಬೇರುಗಳು ಹೊರಗೆ ಬಂದಿದ್ದವು.

"ನೋಡು, ಡಬ್ಬಿ ಸಾಲದಂಗ ಆಗೈತೆ. ಆದ್ರ ಈಗ ಬಿಸಿಲು, ಈಗ ಮುಟ್ಟಬ್ಯಾಡ. ಮಳಿ ಹಿಡೀಲಿ. ಆಷಾಢಕ್ಕ ನಾನು ಬರ್ತೀನಲ್ಲ, ಇಬ್ಬರೂ ಕೂಡಿ ದೊಡ್ಡದಕ್ಕೆ ಹಾಕೋಣ. ಮಣ್ಣಿನ ಜೋಡಿ ಮರಳು ಬೇಕಾಗುತ್ತ, ನೆನಪಿಟ್ಕೋ," ಅಂದಳು.

ಆಷಾಢ ಅಂದರೆ ನಿಮಗೆ ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ. ನಮಗೆ ಅದು ಬೇರೆ. ಹೊಸದಾಗಿ ಮದುವೆಯಾದ ಹುಡುಗಿ ಆ ತಿಂಗಳು ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು ಎಂದು ತವರಿಗೆ ಬಂದು ಇರುತ್ತಿದ್ದಳು. ಹಾಗಾಗಿ ಅಕ್ಕ ಹೋದ ದಿನದಿಂದಲೇ ನಾನು ಆಷಾಢಕ್ಕೆ ದಿನ ಎಣಿಸತೊಡಗಿದೆ.

ಅವಳು ಹೋದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಬೇಸಿಗೆ ರಜೆ ಬೇರೆ, ಶಾಲೆಯೂ ಇಲ್ಲ. ಅಪ್ಪ ಬೆಳಿಗ್ಗೆ ಭಟ್ಟಿಗೆ ಇಳಿದರೆ ಮಧ್ಯಾಹ್ನ ಬಂದು, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅನ್ನಕ್ಕಿಟ್ಟು, ನನಗೂ ಬಡಿಸಿ, ತಾನೂ ಉಂಡು ಮಲಗುತ್ತಿದ್ದ. ಮಾತು ಅವನಿಗೆ ಬರುತ್ತಲೇ ಇರಲಿಲ್ಲ. ಇಬ್ಬರೂ ಎದುರುಬದುರು ಕೂತು ಉಣ್ಣುವಾಗ ಅನ್ನ ಅಗಿಯುವ ಸದ್ದು ಕೇಳುತ್ತಿತ್ತು. ನಾನು ಕಿಟಕಿ ಕಟ್ಟೆಯ ಹತ್ತಿರ ಹೋಗಿ ಕೂತು ಗಿಡಕ್ಕೆ ಮಗ್ಗಿ ಹೇಳುತ್ತಿದ್ದೆ. ಹದಿನೇಳರ ಮಗ್ಗಿಯನ್ನು ನಾನು ಕಲಿತದ್ದು ಆ ಗಿಡಕ್ಕೆ ಹೇಳಿ ಹೇಳಿಯೇ. ಎಲೆ ಒರೆಸುವುದನ್ನೂ ಬಿಡಲಿಲ್ಲ. ಆದರೆ ಆಮೇಲೆ ನನ್ನ ಮುಖ ಒರೆಸುವವರು ಇರಲಿಲ್ಲ, ಅದಕ್ಕೆ ಅಳು ಬರುತ್ತಿತ್ತು.

ಮೂರು ವಾರ ಕಳೆಯುವಷ್ಟರಲ್ಲಿ ನನ್ನ ತಲೆಗೆ ಒಂದು ವಿಚಾರ ಹೊಕ್ಕಿತು. ಅಕ್ಕ ಬರುವವರೆಗೆ ಕಾಯುವುದೇಕೆ? ನಾನೇ ಈಗ ದೊಡ್ಡ ಡಬ್ಬಿಗೆ ಹಾಕಿದರೆ, ಅವಳು ಬರುವ ಹೊತ್ತಿಗೆ ಗಿಡ ಎದೆಯೆತ್ತರ ಆಗಿರುತ್ತದೆ. ಅವಳು ಬಾಗಿಲಲ್ಲೇ ನಿಂತು "ಅಯ್ಯೋ ಇದೇನೋ!" ಅನ್ನುವುದನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡೆನೋ. ಭಟ್ಟಿಯ ಮೂಲೆಯಲ್ಲಿ ಶೇಂಗಾ ಎಣ್ಣೆಯ ಖಾಲಿ ಡಬ್ಬಿ ಸಿಕ್ಕಿತು, ಹಳೆಯದರ ಎರಡರಷ್ಟು ದೊಡ್ಡದು. ನೀರು ಸೋರಿ ಕಟ್ಟೆ ಒದ್ದೆಯಾದೀತು ಎಂದು ತೂತು ಹೊಡೆಯಲಿಲ್ಲ, ಜಾಣ ನಾನು! ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಾಗಿತ್ತು, ಕುಟ್ಟಿ ಕುಟ್ಟಿ ಎರಡು ಬೊಗಸೆ ಪುಡಿ ಮಾಡುವಷ್ಟರಲ್ಲಿ ಕೈ ಸೋತಿತು. ಆದರೆ ಮರಳು? ಹಿತ್ತಲಲ್ಲಿ ರಾಶಿ ಬಿದ್ದಿತ್ತು. ನುಣ್ಣಗೆ ಜರಡಿ ಹಿಡಿದದ್ದು, ಒಂದು ಹರಳು ಇಲ್ಲ, ಬೆಂಕಿಯಲ್ಲಿ ಕಾದು ಶುದ್ಧವಾದದ್ದು. ಇಷ್ಟು ಒಳ್ಳೆಯ ಮರಳು ಯಾರಿಗೆ ಸಿಗುತ್ತದೆ ಎಂದುಕೊಂಡು ಮಣ್ಣಿಗಿಂತ ಹೆಚ್ಚು ಅದನ್ನೇ ತುಂಬಿ, ಉರಿ ಬಿಸಿಲಿನ ಮಧ್ಯಾಹ್ನ, ಗಿಡವನ್ನು ಜಗ್ಗಿ ತೆಗೆದು ನೆಟ್ಟುಬಿಟ್ಟೆ. ಅಕ್ಕನ ಹಳೆಯ ಡಬ್ಬಿಯನ್ನು ತೊಳೆದು ನನ್ನ ಗೋಲಿ ಇಟ್ಟುಕೊಂಡೆ.

ಹತ್ತು ದಿನದಲ್ಲಿ ಎಲೆಗಳ ಅಂಚು ಸೀದ ರೊಟ್ಟಿಯ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ನೀರು ಸಾಲದು ಅಂದುಕೊಂಡು ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು ಹಾಕಿದೆ. ಅದು ಇನ್ನೂ ಬಾಡಿತು. ಏಳು ಎಲೆ ಐದಾಯಿತು, ಐದು ಮೂರಾಯಿತು. ಒಣಗಿ ಬಿದ್ದ ಎಲೆಗಳನ್ನು ಅಪ್ಪನಿಗೆ ಕಾಣದಂತೆ ಭಟ್ಟಿಯ ಬಾಯಿಗೆ ಎಸೆದೆ. ಮುಂಗಾರಿನ ಮಳೆ ಬಂತು, ಶಾಲೆ ಶುರುವಾಯಿತು, ಆಷಾಢವೂ ಬಂತು. ಅಕ್ಕ ಮಾತ್ರ ಬರಲಿಲ್ಲ.

ಆಷಾಢದ ಮೊದಲ ಶನಿವಾರ ಅಪ್ಪ ಯಾಕೋ ಬೇಗನೆ ಭಟ್ಟಿ ಆರಿಸಿದ. ಸ್ನಾನ ಮಾಡಿ, ಒಗೆದಿಟ್ಟ ಧೋತರ ಉಟ್ಟು, ಬಿಸಿ ಮಂಡಕ್ಕಿಯ ದೊಡ್ಡ ಗಂಟು ಕಟ್ಟಿಕೊಂಡು, "ಇಲ್ಲೇ ಹೋಗಿ ಬರ್ತೀನಿ," ಎಂದು ಹೋದ. ಸ್ಟೇಷನ್ನಿನ ಕಡೆಯಿಂದ ಮಧ್ಯಾಹ್ನದ ರೈಲು ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಪ್ಪ ಗಂಟಿಲ್ಲದೆ ತಿರುಗಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಯಾರಿಗೋ ಕೊಟ್ಟು ಬಂದಿರಬೇಕು ಎಂದು ನಾನು ಸುಮ್ಮನಾದೆ.

ಮರುದಿನ ಭಾನುವಾರ ಬೆಳಿಗ್ಗೆ ಗಿಡದಲ್ಲಿ ಎರಡೇ ಎಲೆ. ಅಕ್ಕ ಬಂದು ನೋಡುವಾಗ ಅದು ಸತ್ತಿದ್ದರೆ? ನಾನು ಡಬ್ಬಿ ಎತ್ತಿಕೊಂಡು ಭಟ್ಟಿಗೆ ಹೋಗಿ ಅಪ್ಪನ ಮುಂದೆ ನಿಂತೆ.

"ಹರಿಹರಕ್ಕೆ ಹೋಗ್ತೀನಿ. ಅಕ್ಕನ ಕರ್ಕೊಂಡು ಬರ್ತೀನಿ. ಆಕಿ ಬಂದ್ರನ ಇದು ಉಳಿಯಾದು."

ಅಪ್ಪ ಕೈಯಾಡಿಸುವುದು ಬಿಟ್ಟು ಗಿಡವನ್ನೇ ನೋಡಿದ. ಬಾಣಲೆಯಲ್ಲಿ ಮಂಡಕ್ಕಿ ಸೀಯುವ ವಾಸನೆ ಬಂತು. ಅಪ್ಪ ಮಂಡಕ್ಕಿ ಸೀಯಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೋಗು. ಆಕಿ ಅತ್ತೀಗೆ ತೋರ್ಸು. ಗಿಡದ್ದು ಅವರಿಗೆ ಗೊತ್ತೈತೆ. ಸಂಜಿ ಗಾಡಿಗೆ ಬಂದ್ಬಿಡು, ನಾನು ಸ್ಟೇಷನ್ನಿನಾಗ ಇರ್ತೀನಿ," ಅಂದ.

ಅಕ್ಕನಿಗೆ ತೋರಿಸು ಅನ್ನದೆ ಅವಳ ಅತ್ತೆಗೆ ತೋರಿಸು ಅಂದದ್ದು ಆಗ ನನ್ನ ತಲೆಗೆ ಹೋಗಲಿಲ್ಲ. ಅಪ್ಪ ನನ್ನನ್ನು ಗಾಡಿಯಲ್ಲಿ ಕೂರಿಸಿ, ಎದುರು ಕೂತಿದ್ದ ಮುದುಕಿಗೆ "ಹರಿಹರದಾಗ ಇಳಿಸ್ರಿ" ಎಂದು ಹೇಳಿ, ಗಾಡಿ ಹೊರಡುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದ.

ಹೊರಗೆ ಜಿಟಿಜಿಟಿ ಮಳೆ. ಎರೆಹೊಲಗಳು ನೆನೆದು ಮಿರಮಿರ ಮಿಂಚುತ್ತಿದ್ದವು. ಎಂಜಿನ್ನಿನ ಹೊಗೆ ಕಿಟಕಿಯಿಂದ ಒಳಗೆ ಬಂದಾಗ ನಾನು ಎಲೆಗಳ ಮೇಲೆ ಕೈ ಮುಚ್ಚಿದೆ. ಮುದುಕಿ ಗಿಡವನ್ನು ಹಿಂದೆ ಮುಂದೆ ನೋಡಿ, "ಕೆಸುವಿನ ಸೊಪ್ಪೇನೋ ತಮ್ಮಾ? ಎರಡ ಎಲಿ ಐತೆ, ಏನು ಪಲ್ಯ ಆಗುತ್ತೋ?" ಅಂದಳು. ನನಗೆ ಸಿಟ್ಟು ಬಂದು ಮುಖ ಆ ಕಡೆ ತಿರುಗಿಸಿ ಕೂತೆ.

ಅಕ್ಕನ ಮನೆ ಹರಿಹರದ ದೊಡ್ಡ ಗುಡಿಯ ಹಿಂದಿನ ಬೀದಿಯಲ್ಲಿ. ಮದುವೆ ಮಾತುಕತೆಗೆ ಅಪ್ಪನ ಜೊತೆ ಒಂದು ಸಲ ಬಂದಿದ್ದರಿಂದ ದಾರಿ ಗೊತ್ತಿತ್ತು. ಡಬ್ಬಿ ಭಾರಕ್ಕೆ ತೋಳು ಬಿದ್ದುಹೋಗುತ್ತಿತ್ತು. ಬಾಗಿಲು ಬಡಿದಾಗ ತೆರೆದದ್ದು ಅಕ್ಕನ ಅತ್ತೆ. ಉದ್ದನೆಯ, ಗಟ್ಟಿ ದನಿಯ ಹೆಂಗಸು. ನಿಜ ಹೇಳುತ್ತೇನೆ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮದುವೆಯ ದಿನ ಅಕ್ಕನ ಕೈ ಹಿಡಿದು ಗಾಡಿ ಹತ್ತಿಸಿದವರು ಅವರೇ.

"ಅಯ್ಯ, ನೀನೇನೋ ತಮ್ಮಾ! ಒಬ್ಬನ ಬಂದ್ಯಾ? ಬಾ ಒಳಗ, ತೊಯ್ದೀದಿ," ಅಂದರು.

ನಾನು ಒಳಗೆ ಹೋಗಿ ಅಡಿಗೆಮನೆ ನೋಡಿದೆ, ನಡುಮನೆ ನೋಡಿದೆ, ಹಿತ್ತಲು ನೋಡಿದೆ. ಗೂಟಕ್ಕೆ ಅಕ್ಕನ ಒಂದು ಸೀರೆ ನೇತಾಡುತ್ತಿತ್ತು, ಅಷ್ಟೇ.

"ಅಕ್ಕ ಎಲ್ಲಿ ಅತ್ತಿ?"

ಅವರು ನನ್ನ ಕೈಯಿಂದ ಡಬ್ಬಿ ಇಳಿಸಿಕೊಂಡರು. "ನಿಮ್ಮಪ್ಪಾರು ಹೇಳಿಲ್ಲೇನು? ನಿನ್ನಿ ನಿಮ್ಮ ಸೋದರಮಾವ ಬಂದು ಮಾಯಕೊಂಡಕ್ಕೆ ಕರ್ಕೊಂಡು ಹೋದ್ರಲ್ಲೋ. ಆಷಾಢ ಅಲ್ಲೇ ಕಳೀತಾಳ."

ಕಾರಣವನ್ನೂ ಅವರೇ ಮೆಲ್ಲಗೆ ಹೇಳಿದರು. ಹೆಂಗಸರಿಲ್ಲದ ಮನೆಗೆ, ಅದೂ ದಿನವಿಡೀ ಭಟ್ಟಿಯ ಗಂಡಾಳುಗಳು ಓಡಾಡುವ ಮನೆಗೆ, ಹೊಸ ಮದುಮಗಳನ್ನು ಒಂದು ತಿಂಗಳು ಕಳಿಸುವುದು ಹೇಗೆ ಎಂದು ಹಿರಿಯರು ಕೂತು ಮಾತಾಡಿದ್ದರಂತೆ. ಅಪ್ಪನೂ ಒಪ್ಪಿದ್ದನಂತೆ. "'ಇಲ್ಲಿಗೆ ಬಂದ್ರ ಮತ್ತ ಒಲಿ ಮುಂದನ ಕೂಡ್ತಾಳ. ಒಂದು ತಿಂಗಳರ ಹೊಗಿ ಇಲ್ಲದಂಗ ಇರ್ಲಿ,' ಅಂದ್ರಂತ ನಿಮ್ಮಪ್ಪಾರು. ನಿನ್ನಿ ಗಾಡಿ ದಾವಣಗೆರಿಯಾಗ ನಿಂತಾಗ ಸ್ಟೇಷನ್ನಿಗೆ ಬಂದು ಮಗಳ ಮುಖ ನೋಡ್ತೀನಿ ಅಂತ ಹೇಳಿ ಕಳಿಸಿದ್ರು."

ಹರಿಹರದಿಂದ ಮಾಯಕೊಂಡಕ್ಕೆ ರೈಲು ದಾವಣಗೆರೆಯ ಮೇಲೆಯೇ ಹೋಗಬೇಕು, ಮಕ್ಕಳೇ. ಹಿಂದಿನ ದಿನ ಮಧ್ಯಾಹ್ನ ನಾನು ಕೇಳಿಸಿಕೊಂಡ ಕೂಗು ಅದೇ ರೈಲಿನದು. ಅಕ್ಕ ಅದರಲ್ಲಿ ಕೂತಿದ್ದಳು. ನಾನು ಗಿಡದ ಮುಂದೆ ಕೂತು ಅವಳು ಯಾವಾಗ ಬರುತ್ತಾಳೆ ಎಂದು ಯೋಚಿಸುತ್ತಿದ್ದಾಗ, ಅವಳು ನಮ್ಮ ಓಣಿಯ ಹೊಗೆ ಕಾಣುವಷ್ಟು ಹತ್ತಿರ ಬಂದು ಮುಂದೆ ಹೋಗಿಬಿಟ್ಟಿದ್ದಳು. ಅಪ್ಪ ಹೋಗಿ ನೋಡಿದ್ದ, ಮಂಡಕ್ಕಿ ಕೊಟ್ಟಿದ್ದ. ನನ್ನನ್ನು ಕರೆದೊಯ್ದಿರಲಿಲ್ಲ. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅತ್ತೆ ಸಮಾಧಾನ ಮಾಡಲು ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಡಬ್ಬಿಯ ತಳ ತಟ್ಟಿ ನೋಡಿದರು. "ತೂತಿಲ್ಲ," ಅಂದರು. ಬೆರಳು ಒಳಗಿಳಿಸಿದರು. "ಕೆಸರು ಆಗೈತೆ." ಆಮೇಲೆ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡರು! ನಾನು ಅಳುವುದನ್ನು ಮರೆತು ನೋಡಿದೆ. ಅವರು ಥೂ ಎಂದು ಉಗುಳಿದರು.

"ಉಪ್ಪು! ಏನು ಹಾಕೀದಿ ಇದಕ್ಕ?"

"ಭಟ್ಟಿ ಮರಳು."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಂಡಕ್ಕಿ ಹುರಿದ ಮರಳು ಹಾಕ್ಯಾನಪ್ಪ! ಉಪ್ಪುನೀರು ಕುಡಿದು ಕುಡಿದು ಅದು ಉಪ್ಪಿನಕಾಯಿ ಜಾಡಿ ಆಗಿರುತ್ತಲ್ಲೋ! ದಾವಣಗೆರಿ ಹುಡುಗ ಅಲ್ದ ಇನ್ಯಾರು ಮಾಡ್ತಾರ ಇದನ್ನ?"

ಹಿತ್ತಲ ರಾಶಿಯ ಸುತ್ತ ಹುಲ್ಲು ಯಾಕೆ ಹುಟ್ಟುತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು.

"ಸಾಯುತ್ತಾ ಅತ್ತಿ?"

"ಎರಡೆಲಿ ಅದಾವು, ಕಾಂಡ ಗಟ್ಟಿ ಐತೆ. ಉಳಿದ್ರ ಉಳೀಬಹುದು. ಮಳಿಗಾಲ ಬೇರೆ, ಹಿಡಕೊಳ್ಳೋ ಕಾಲ ಇದು. ಏಳು, ಹೊಳಿಗೆ ಹೋಗಿ ಮರಳು ತರೋಣ. ಇಲ್ಲಿ ಕುಂತು ಅತ್ರ ಬೇರು ಬರ್ತಾವೇನು?" ಅಂದರು.

ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ದಂಡೆಯ ಎತ್ತರದ ಕಡೆ ಇನ್ನೂ ಮುಳುಗದೆ ಉಳಿದಿದ್ದ ದಪ್ಪ ಮರಳನ್ನು ಅತ್ತೆ ಕೈಯಲ್ಲಿ ಹಿಡಿದು ನನಗೆ ತೋರಿಸಿದರು. ಹಿಡಿದರೆ ಬೆರಳ ಸಂದಿಯಿಂದ ಸಳಸಳ ಇಳಿಯಿತು. ನಾಲಿಗೆಗೆ ಇಟ್ಟು ನೋಡು ಅಂದರು. ಇಟ್ಟೆ. ಏನೂ ರುಚಿ ಇಲ್ಲ. "ಹಂಗಿರಬೇಕು," ಅಂದರು. ಅರ್ಧ ಪುಟ್ಟಿ ತುಂಬಿಕೊಂಡು ಬಂದೆವು.

ಆಮೇಲೆ ಅವರು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕತ್ತು ಒಡೆದ ಒಂದು ಸಣ್ಣ ಗಡಿಗೆ ತಂದು ತಳಕ್ಕೆ ಮೊಳೆಯಿಂದ ಮೆಲ್ಲಗೆ ತಿರುವಿ ತಿರುವಿ ತೂತು ಮಾಡಿದರು. ನಾನು, ಇನ್ನೂ ದೊಡ್ಡದು ಬೇಡವೇ ಎಂದೆ. ಬೇರಿನ ಗಂಟಿಗಿಂತ ಸುತ್ತಲೂ ಎರಡು ಬೆರಳು ಜಾಗ ಇದ್ದರೆ ಸಾಕು, ಹೆಚ್ಚಾದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಕೊಳೆಯುತ್ತದೆ ಎಂದರು. ಹಿತ್ತಲ ಕೆಮ್ಮಣ್ಣು ಎರಡು ಪಾಲು, ಹೊಳೆಯ ಮರಳು ಒಂದು ಪಾಲು, ತಿಪ್ಪೆಯಲ್ಲಿ ಕೊಳೆತು ಕರ್ರಗಾಗಿ ಕಾವು ಆರಿದ ಗೊಬ್ಬರ ಒಂದು ಪಾಲು. ನನ್ನ ಕೈಯಿಂದಲೇ ಕಲಸಿಸಿದರು.

ಡಬ್ಬಿಯನ್ನು ಅಡ್ಡ ಮಲಗಿಸಿ ಸುತ್ತಲೂ ತಟ್ಟಿದರು. ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಬೋರಲು ಮಾಡಿದಾಗ ಗಿಡ ಇಡಿಯಾಗಿ ಅಂಗೈಗೆ ಬಂತು. ನಾನು ಮೊದಲ ಸಲ ಅದನ್ನು ಜುಟ್ಟು ಹಿಡಿದು ಎಳೆದ ಹಾಗೆ ಎಳೆದಿದ್ದೆ. ಬಕೆಟ್ಟಿನ ನೀರಿನಲ್ಲಿ ಬೇರನ್ನು ಮೂರು ಸಲ, ಪ್ರತಿ ಸಲವೂ ಹೊಸ ನೀರಿನಲ್ಲಿ, ಮಗುವಿನ ತಲೆ ತೊಳೆದ ಹಾಗೆ ತೊಳೆದರು. ಕಂದಾಗಿ ಲೋಳೆ ಲೋಳೆಯಾದ ಬೇರುಗಳನ್ನು ಈಳಿಗೆಯಿಂದ ಕೊಯ್ದು, ಕೊಯ್ದ ಕಡೆ ಒಲೆಯ ಬೂದಿ ಮೆತ್ತಿದರು. ಕೊನೆಗೆ ಉಳಿದದ್ದು ಒಂದು ಹಿಡಿ ಬಿಳಿ ಬೇರು. ಅದರ ರಸ ತಾಗಿ ನನ್ನ ಕೈ ತುರಿಸತೊಡಗಿತು. "ಕೆಸುವಿನ ಕುಲದ್ದು ಇದು, ಕಣ್ಣು ಬಾಯಿ ಮುಟ್ಟಬ್ಯಾಡ," ಎಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಸಿದರು. ರೈಲಿನ ಮುದುಕಿ ಹೇಳಿದ್ದು ಸರಿಯೇ ಇತ್ತು!

ತೂತಿನ ಮೇಲೆ ಒಂದು ಬೋಕಿ ಬಿಲ್ಲೆ, ಅಂದರೆ ಒಡೆದ ಮಡಕೆಯ ಚೂರು, ಕವುಚಿ ಹಾಕಿ, ಒಂದು ಪದರ ಮಣ್ಣು ಹಾಕಿ, ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಟ್ಟು, ಸುತ್ತ ಮಣ್ಣು ತುಂಬಿದರು. ಅದುಮಿ ಅದುಮಿ ಗಟ್ಟಿ ಮಾಡಲು ಹೋದ ನನ್ನ ಕೈಗೆ ಒಂದು ಏಟು ಬಿತ್ತು. ನೀರು ನಿಲ್ಲಲು ಮೇಲೆ ಎರಡು ಬೆರಳು ಬಿಟ್ಟು, ತಳದಿಂದ ತೊಟ್ಟಿಕ್ಕುವವರೆಗೆ ಒಂದೇ ಸಲ ನೀರು ಹಾಕಿಸಿದರು. ಇನ್ನು ಮೇಲೆ ಬೆರಳು ಇಳಿಸಿ ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು. ಬಿಸಿಲು ಬೀಳದ, ಬೆಳಕು ಬರುವ ಪಡಸಾಲೆಯ ಮೂಲೆಯಲ್ಲಿ ಅದನ್ನು ಇಟ್ಟರು.

ಉಣ್ಣಲು ಕೂತೆವು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಭಾವ ಭಾನುವಾರವೂ ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಅತ್ತೆ ರೊಟ್ಟಿ ಬಡಿಯುತ್ತಾ, "ನಿನ್ನಿಯಿಂದ ಮನಿ ಬಣಬಣ ಅಂತೈತೆ ನೋಡು. ಎರಡು ತಿಂಗಳಿಗೇ ರೂಢಿ ಆಗಿಬಿಟ್ಟಿದ್ಲು," ಎಂದರು. ಆ ಗಟ್ಟಿ ದನಿ ಆಗ ಅಷ್ಟು ಗಟ್ಟಿಯಾಗಿರಲಿಲ್ಲ. ಅವರಿಗೂ ಅಕ್ಕ ಬೇಕು ಅನ್ನುವುದು 'ನನ್ನ ಅಕ್ಕನನ್ನು ಕಸಿದುಕೊಂಡವರು' ಎಂದು ಎರಡು ತಿಂಗಳು ಹಲ್ಲು ಕಡಿದಿದ್ದ ನನಗೆ ಹೊಳೆದೇ ಇರಲಿಲ್ಲ. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಸಂಜೆ ಗಾಡಿಯ ಹೊತ್ತಾಯಿತು. ನಾನು ಗಡಿಗೆ ಎತ್ತಲು ಬಗ್ಗಿದೆ. ಅತ್ತೆ ತಡೆದರು.

"ಈಗ ನೆಟ್ಟದ್ದು ತಮ್ಮಾ. ಹದಿನೈದು ದಿನ ಅಲುಗಾಡಿಸಬಾರದು. ರೈಲಿನಾಗ ಕುಲುಕಿದ್ರ ಬೇರು ಮಣ್ಣು ಹಿಡಿಯಂಗಿಲ್ಲ. ನಿನ್ನ ಗಿಡ, ಒಯ್ತೀನಿ ಅಂದ್ರ ನಾನು ಬ್ಯಾಡ ಅನ್ನಲ್ಲ. ಆದ್ರ ಉಳಿಯಲ್ಲ."

ನಾನು ಎಷ್ಟೋ ಹೊತ್ತು ಆ ಎರಡು ಎಲೆ ನೋಡುತ್ತಾ ನಿಂತೆ. ಅಕ್ಕನನ್ನು ಕರೆತರುತ್ತೇನೆಂದು ಬಂದವನು ನಾನು. ಅಕ್ಕನೂ ಇಲ್ಲ, ಈಗ ಗಿಡವೂ ಇಲ್ಲ. ಆ ಕಿಟಕಿ ಕಟ್ಟೆಯ ಮೇಲೆ ಇನ್ನು ಏನಿರುತ್ತದೆ? ಮಗ್ಗಿ ಯಾರಿಗೆ ಹೇಳುವುದು? ಒಯ್ದುಬಿಡೋಣ, ಸತ್ತರೆ ಸಾಯಲಿ, ನನ್ನ ಹತ್ತಿರವೇ ಸಾಯಲಿ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎಲೆಯ ಮೇಲೆ ಬಿದ್ದಿದ್ದ ರೈಲಿನ ಮಸಿಯನ್ನು ಅಂಗಿಯ ತುದಿಯಿಂದ ಒರೆಸಿದೆ.

"ದಿನಾ ಒರೆಸ್ರಿ ಅತ್ತಿ," ಅಂದೆ.

"ಒರೆಸ್ತೀನೋ," ಅಂದರು.

ಬರುವಾಗ ತೊಡೆಯ ಮೇಲೆ ಭಾರವಿರಲಿಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದೇ ತಿಳಿಯಲಿಲ್ಲ. ದಾವಣಗೆರೆ ಸ್ಟೇಷನ್ನಿನಲ್ಲಿ ಅಪ್ಪ ಕಂಬದ ಹತ್ತಿರ ನಿಂತಿದ್ದ. ನನ್ನ ಖಾಲಿ ಕೈ ನೋಡಿದ.

"ಅತ್ತಿ ಹೇಳಿದ್ರಾ?"

"ಹೂಂ."

ಓಣಿಯ ತಿರುವಿನವರೆಗೂ ಅಪ್ಪ ಮುಂದೆ, ನಾನು ಹಿಂದೆ ನಡೆದೆವು. ಅಲ್ಲಿ ಅಪ್ಪ ನಿಂತು, ನನ್ನ ಕಡೆ ನೋಡದೆ ಹೇಳಿದ: "ಗಾಡಿ ನಿಲ್ಲೋದು ಐದು ನಿಮಿಷ. ನಿನ್ನ ಕರ್ಕೊಂಡು ಹೋಗಿದ್ರ ನೀನು ಆಕಿನ ಬಿಡ್ತಿರ್ಲಿಲ್ಲ. ಆಕಿನೂ ಇಳಿದುಬಿಡ್ತಿದ್ಲು. ನನಗ ಹೇಳಾಕ ಬಾಯಿ ಬರ್ಲಿಲ್ಲಪ್ಪಾ." ಮನೆಗೆ ಬಂದು ಗೋಲಿಗಳನ್ನು ನೆಲಕ್ಕೆ ಸುರಿದು, ಅಕ್ಕನ ಹಳೆಯ ವನಸ್ಪತಿ ಡಬ್ಬಿಯನ್ನು ಖಾಲಿಯಾಗಿಯೇ ಕಿಟಕಿ ಕಟ್ಟೆಯ ಮೇಲೆ ಇಟ್ಟೆ. ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟೆ.

ಆ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಕಿಟಕಿಯ ಸರಳಿನ ಮೇಲೆ ಮಸಿ, ಕಟ್ಟೆಯ ಅಂಚಿನಲ್ಲಿ ಮಸಿ, ಉಪ್ಪಿನ ಮರಿಗೆಯ ಮುಚ್ಚಳದ ಮೇಲೂ ಮಸಿ. ಆ ಖಾಲಿ ಡಬ್ಬಿಯ ಮೇಲೆ ಮಾತ್ರ ಒಂದು ಚೂರೂ ಇರಲಿಲ್ಲ. ನಾನು ಅದನ್ನು ಮುಟ್ಟಿಯೂ ಇರಲಿಲ್ಲ. ಪಕ್ಕದಲ್ಲಿ ಒದ್ದೆ ಬಟ್ಟೆ ಮಡಚಿ ಇಟ್ಟಿತ್ತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಭಟ್ಟಿಗೆ ಹೋಗಿ, ಏನೂ ಹೇಳದೆ, ಅಪ್ಪನ ಪಕ್ಕದಲ್ಲಿ ಜರಡಿ ಹಿಡಿದು ಕೂತೆ.

ಶ್ರಾವಣದಲ್ಲಿ ಹರಿಹರದಿಂದ ಅಕ್ಕನ ಕಾರ್ಡು ಬಂತು. ಅಪ್ಪ ನನ್ನಿಂದ ಮೂರು ಸಲ ಓದಿಸಿದ. ಗಿಡ ಮೂರನೆಯ ಎಲೆ ಬಿಟ್ಟಿದೆ, ಬಂದು ತೆಗೆದುಕೊಂಡು ಹೋಗು ಎಂದು ಬರೆದಿದ್ದಳು. ನಾನು ತರಲಿಲ್ಲ. ಅದು ಅಲ್ಲಿದ್ದರೆ ದಿನಾ ಬೆಳಿಗ್ಗೆ ಅಕ್ಕ ಎಲೆ ಒರೆಸುತ್ತಾಳೆ, ಒರೆಸುವಾಗ ನನ್ನ ನೆನಪು ಮಾಡಿಕೊಳ್ಳುತ್ತಾಳೆ ಎಂದು ಯೋಚನೆ ಮಾಡಿದೆ. ದೊಡ್ಡವನಾಗಿ ನನ್ನದೇ ಮನೆ ಆದ ಮೇಲೆ ಅದರ ಒಂದು ತುಂಡು ಕಾಂಡ ತಂದು ನೆಟ್ಟೆ. ಅಕ್ಕ ಈಗಿಲ್ಲ. ನಿಮ್ಮ ಟಿ.ವಿ. ಪಕ್ಕದಲ್ಲಿರುವ ಗಿಡ ಆ ಕಾಂಡದ್ದೇ ಸಂತಾನ.

ನಿಮಗೆ ಹರಿಹರ ಅಂದರೆ ಸಂಜೆ ಕಾರಿನಲ್ಲಿ ಹೋಗಿ, ಏನಾದರೂ ತಿಂದು, ಊಟದ ಹೊತ್ತಿಗೆ ಮನೆಗೆ ಬರುವ ಊರು. ಮೈಸೂರಿನ ಹಾಸ್ಟೆಲಿನಲ್ಲಿರುವ ನಿಮ್ಮ ಅಕ್ಕ ದಿನಾ ರಾತ್ರಿ ಫೋನಿನಲ್ಲಿ ಮುಖ ತೋರಿಸುತ್ತಾಳೆ, ನೀವು ಬಿಸ್ಕತ್ತು ತಿನ್ನುತ್ತಾ "ಆಮೇಲೆ ಮಾಡು" ಅನ್ನುತ್ತೀರಿ. ಅನ್ನಿ, ನಾನು ಬೈಯುವುದಿಲ್ಲ. ಮೊನ್ನೆ ಈ ಗಿಡದ ಬೇರು ಕುಂಡದ ತಳದಿಂದ ಹೊರಗೆ ಬಂದಾಗ ನೀವೇ ಫೋನಿನಲ್ಲಿ ಅದರ ಹೆಸರು ಹುಡುಕಿ ಹೇಳಿದಿರಿ, ಡೀಫೆನ್‌ಬೇಕಿಯಾ ಅಂತೆ. ನನ್ನ ನಾಲಿಗೆ ಅದಕ್ಕೆ ತಿರುಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ಮನೆ ಬಾಗಿಲಿಗೇ ಬಂತು. ನಾನು ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟಾಗ "ಛೀ ಅಜ್ಜ!" ಎಂದು ಕೂಗಿದಿರಿ. ನಾನು ಯಾಕೆ ಹಾಗೆ ಮಾಡಿದೆ ಎಂದು ಈಗ ಗೊತ್ತಾಯಿತಲ್ಲ.

ಕುಂಡ ಬದಲಿಸುವುದು ಹೇಗೆಂದು ನೀವು ನನಗೆ ಒಂದು ವಿಡಿಯೊ ತೋರಿಸಿದಿರಿ. ಅದರಲ್ಲಿದ್ದ ಹುಡುಗ ಚೆನ್ನಾಗಿಯೇ ಹೇಳಿದ. ಮಳೆಗಾಲ ಒಳ್ಳೆಯದು ಅಂದ, ಎರಡು ಬೆರಳು ದೊಡ್ಡ ಕುಂಡ ಸಾಕು ಅಂದ, ತಳಕ್ಕೆ ತೂತು ಇರಲಿ ಅಂದ. ಎಲ್ಲ ಅತ್ತೆ ಹೇಳಿದ್ದೇ. ಕೊನೆಯಲ್ಲಿ, "ಹದಿನೈದು ದಿನ ಗಿಡವನ್ನು ಅಲುಗಾಡಿಸಬೇಡಿ, ಇದ್ದಲ್ಲೇ ಬಿಡಿ," ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೈ ಬೀಸಿ ಹೋಗಿಬಿಟ್ಟ. ನಾನು ಅದನ್ನು ಇನ್ನೊಂದು ಸಲ ಹಾಕಿ ಎಂದೆ. ನೀವು ಹಾಕಿದಿರಿ. ಮತ್ತೆ ಅಷ್ಟೇ ಬೇಗ ಹೇಳಿದ. ಅಷ್ಟು ಬೇಗ ಮುಗಿಯುವ ಮಾತಲ್ಲ ಅದು, ಮಕ್ಕಳೇ.